ಶುಕ್ರವಾರ ಸಂಜೆ ಖಾಲಿಯಾಗುವ ಊರಲ್ಲಿ ಒಂದು ಸೆಮಿಸ್ಟರ್

ಪ್ರಶ್ನೆ: ನಾನು ಕಾಲೇಜಿನ ಮೂರನೇ ವರ್ಷದ ವಿದ್ಯಾರ್ಥಿನಿ. ಒಂದು ಸೆಮಿಸ್ಟರ್ ಓದಲು ಸೆಪ್ಟೆಂಬರ್ ಕೊನೆಗೆ ಬೆಲ್ಜಿಯಂನ ಲ್ಯೂವೆನ್‌ಗೆ ಬಂದೆ. ಆರು ವಾರ ಆಯ್ತು. ನಾನಿರುವ ಮನೆಯಲ್ಲಿ ಐದು ಕೋಣೆ. ಉಳಿದ ನಾಲ್ವರೂ ಈ ದೇಶದವರೇ. ಶುಕ್ರವಾರ ಸಂಜೆ ಸೂಟ್‌ಕೇಸ್ ಎಳೆದುಕೊಂಡು ಹೊರಟುಬಿಡುತ್ತಾರೆ. ಭಾನುವಾರ ರಾತ್ರಿವರೆಗೆ ಮನೆಯಲ್ಲಿ ನಾನೊಬ್ಬಳೇ. ವಾರಕ್ಕೆ 14 ಗಂಟೆ ಮಾತ್ರ ಕ್ಲಾಸ್. ಹಾಜರಿ ಇಲ್ಲ, ಟೆಸ್ಟ್ ಇಲ್ಲ. ಓದ್ತಾ ಇದ್ದೀನಾ ಇಲ್ವಾ ಅಂತ ನನಗೇ ಗೊತ್ತಾಗುತ್ತಿಲ್ಲ. ಬೇರೆ ದೇಶಗಳಿಂದ ಬಂದವರ ಜೊತೆ ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಪ್ರಾಗ್ ಸುತ್ತಿ ಬಂದೆ. ದುಡ್ಡು ಅರ್ಧ ಖಾಲಿ, ನೆನಪಿರುವುದು ಬಸ್ ನಿಲ್ದಾಣಗಳು ಮಾತ್ರ. ಮನೆಗೆ ಫೋಟೊ ಕಳಿಸಿ ಚೆನ್ನಾಗಿದ್ದೀನಿ ಅಂತಲೇ ಹೇಳುತ್ತಿದ್ದೇನೆ. ಕ್ರಿಸ್‌ಮಸ್ ರಜೆಗೆ ಅಗ್ಗದ ಟಿಕೆಟ್ ಸಿಗುತ್ತಿದೆ. ವಾಪಸ್ ಹೋಗಿಬಿಡಲಾ?

ಉತ್ತರ: ಟಿಕೆಟ್ ವಿಷಯ ಕೊನೆಗೆ ಹೇಳುತ್ತೇನೆ. ಮೊದಲು ಆ ಸೂಟ್‌ಕೇಸ್‌ಗಳ ಬಗ್ಗೆ ಮಾತಾಡೋಣ. ನಿಮ್ಮನ್ನು ಜಾಸ್ತಿ ನೋಯಿಸುತ್ತಿರುವುದು ಅವೇ ಅನ್ನಿಸುತ್ತದೆ.

ಯೂರೋಪಿಗೆ ಓದಲು ಹೋಗುವ ಮಕ್ಕಳಿಗೆ ಸಲಹೆ ಕೊಡುವ ಕೆಲಸ ನನ್ನದು. ಲ್ಯೂವೆನ್‌ಗೆ ಹೋದವರೆಲ್ಲ ಇದೇ ಶುಕ್ರವಾರದ ಬಗ್ಗೆ ಹೇಳುತ್ತಾರೆ. ನಾಲ್ಕು ಗಂಟೆ ಆಗುತ್ತಿದ್ದಂತೆ ಕಲ್ಲುಹಾಸಿನ ಬೀದಿಗಳಲ್ಲಿ ಸೂಟ್‌ಕೇಸ್ ಗಾಲಿಗಳ ಗಡಗಡ ಶಬ್ದ ಶುರು. ಎಲ್ಲವೂ ರೈಲು ನಿಲ್ದಾಣದ ಕಡೆಗೇ. ಆ ಸೂಟ್‌ಕೇಸ್‌ಗಳಲ್ಲಿ ಇರುವುದು ಒಗೆಯಬೇಕಾದ ಬಟ್ಟೆ. ಲ್ಯೂವೆನ್ ಇರುವ ಫ್ಲಾಂಡರ್ಸ್, ಅಂದರೆ ಬೆಲ್ಜಿಯಂನ ಡಚ್ ಮಾತಾಡುವ ಭಾಗ, ಚಿಕ್ಕ ಪ್ರದೇಶ. ಹೆಚ್ಚಿನವರಿಗೆ ಮನೆ ಒಂದೆರಡು ಗಂಟೆ ದೂರ, ಅಷ್ಟೇ. ಹಾಗಾಗಿ ವಿದ್ಯಾರ್ಥಿಗಳು ಎರಡು ಊರುಗಳಲ್ಲಿ ಬದುಕುತ್ತಾರೆ. ಸೋಮವಾರದಿಂದ ಗುರುವಾರ ರಾತ್ರಿವರೆಗೆ ಲ್ಯೂವೆನ್. ಶುಕ್ರವಾರದಿಂದ ಭಾನುವಾರದವರೆಗೆ ಅಪ್ಪ ಅಮ್ಮ, ಹಳೆಯ ಗೆಳೆಯರು, ಊರಿನ ಫುಟ್‌ಬಾಲ್ ತಂಡ. ಹಲವರು ಸ್ಕೌಟ್ಸ್‌ನಲ್ಲೋ ಖೀರೋ ಅನ್ನುವ ಮಕ್ಕಳ ಸಂಘದಲ್ಲೋ ಮುಂದಾಳುಗಳಾಗಿರುತ್ತಾರೆ. ಖೀರೋ ಸೇರುವುದೇ ಭಾನುವಾರ ಮಧ್ಯಾಹ್ನ. ಊರಿನ ಚಿಕ್ಕ ಮಕ್ಕಳು ಕಾಯುತ್ತಿರುತ್ತಾರೆ, ತಪ್ಪಿಸುವಂತಿಲ್ಲ. ಭಾನುವಾರ ರಾತ್ರಿ ನಿಮ್ಮ ಫ್ರಿಜ್ ತುಂಬ ಅಡುಗೆಯ ಡಬ್ಬಿಗಳು ಬಂದು ಕೂರುತ್ತವೆ ಅಲ್ವಾ? ಅವೂ ಅಲ್ಲಿಂದಲೇ.

ಅಂದರೆ ಅವರು ನಿಮ್ಮನ್ನು ಬಿಟ್ಟು ಹೋಗುತ್ತಿಲ್ಲ. ನೀವು ಬರುವುದಕ್ಕೆ ಮೊದಲೂ ಆ ಮನೆ ಶುಕ್ರವಾರ ಖಾಲಿಯಾಗುತ್ತಿತ್ತು. ಇದು ತಿಳಿದ ಮಾತ್ರಕ್ಕೆ ಶನಿವಾರದ ಒಂಟಿತನ ಹೋಗುವುದಿಲ್ಲ, ನನಗೆ ಗೊತ್ತು. ಆದರೆ "ನನ್ನಲ್ಲೇ ಏನೋ ಕೊರತೆ ಇದೆ" ಅನ್ನುವ ಯೋಚನೆಯನ್ನು ಇವತ್ತೇ ಬಿಟ್ಟುಬಿಡಬಹುದು.

ಇನ್ನೊಂದು ಲೆಕ್ಕಾಚಾರವೂ ಬದಲಾಗಬೇಕು. ಜಗತ್ತಿನ ಬಹಳ ಕಡೆ ಗೆಳೆತನ ಆಗುವುದು ವಾರದ ಕೊನೆಯಲ್ಲಿ. ಲ್ಯೂವೆನ್‌ನಲ್ಲಿ ವಾರದ ನಡುವೆ. ಆರು ವಾರ ನೀವು ಏನು ಮಾಡಿರಬಹುದು ಅಂತ ಊಹಿಸುತ್ತೇನೆ. ಸೋಮವಾರದಿಂದ ಗುರುವಾರದವರೆಗೆ ಕ್ಲಾಸ್, ಕೋಣೆ. ಶನಿವಾರ ಭಾನುವಾರ ಜನರ ಹುಡುಕಾಟ. ಜನ ಇದ್ದಾಗ ನೀವು ಕೋಣೆಯಲ್ಲಿ, ನೀವು ಹೊರಗೆ ಬಂದಾಗ ಜನ ಇಲ್ಲ. ಇದನ್ನು ತಿರುಗಿಸಿ. ಓದು, ಬಟ್ಟೆ ಒಗೆಯುವುದು, ಮಲಗುವುದು ಎಲ್ಲ ಶನಿವಾರ ಭಾನುವಾರಕ್ಕೆ. ಮಂಗಳವಾರ, ಬುಧವಾರದ ಸಂಜೆಗಳು ಜನರಿಗೆ.

ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ದೂರುಗಳಿವೆ. ಮನೆಯಲ್ಲಿ ಯಾರೂ ಇಲ್ಲ, ಕ್ಲಾಸಿನಲ್ಲಿ ಯಾರೂ ಕೇಳುವುದಿಲ್ಲ, ಸುತ್ತಿದ ಊರು ಯಾವುದೂ ನೆನಪಿಲ್ಲ. ನನಗೆ ಮೂರೂ ಒಂದೇ ಅನ್ನಿಸುತ್ತದೆ. ನೀವು ಬರದೇ ಹೋದರೆ "ಯಾಕೆ ಬರಲಿಲ್ಲ?" ಅಂತ ಕೇಳುವ ಒಂದು ಜಾಗವೂ ಆ ಊರಲ್ಲಿ ನಿಮಗಿಲ್ಲ. ಪ್ಯಾರಿಸ್ ಕೇಳುವುದಿಲ್ಲ, ಪ್ರಾಗ್ ಕೇಳುವುದಿಲ್ಲ. ಮುನ್ನೂರು ಜನರ ಲೆಕ್ಚರ್ ಹಾಲ್ ಕೂಡ ಕೇಳುವುದಿಲ್ಲ. ಉಳಿದಿರುವ ವಾರಗಳಲ್ಲಿ ಅಂಥ ಎರಡು ಜಾಗ ಮಾಡಿಕೊಳ್ಳಿ. ಹತ್ತು ಬೇಡ, ಎರಡು ಸಾಕು.

ಒಂದು ಜಾಗ ಈಗಲೇ ನಿಮ್ಮ ಮನೆಯಲ್ಲಿದೆ, ಅಡುಗೆಮನೆ. ಅಲ್ಲಿ ವಿದ್ಯಾರ್ಥಿಯ ಬಾಡಿಗೆ ಕೋಣೆಗೆ 'ಕಾಟ್' ಅನ್ನುತ್ತಾರೆ, ಜೊತೆಗಿರುವವರು ಕಾಟ್‌ನ ಗೆಳೆಯರು. ಅವರು ಊಟ ಮಾಡುವುದು ಬೇಗ, ಆರು ಆರೂವರೆಗೆ. ನೀವು ಒಂಬತ್ತು ಗಂಟೆಗೆ ಅಡುಗೆಗೆ ಇಳಿದರೆ ಒಲೆ ನಿಮಗೊಬ್ಬರಿಗೇ ಸಿಗುತ್ತದೆ. ಈ ವಾರ ನಾಲ್ಕು ದಿನವೂ ಆರು ಗಂಟೆಗೆ ಕೆಳಗಿಳಿಯಿರಿ. ಯಾರಾದರೂ ಊಟಕ್ಕೆ ಕೂತಿದ್ದರೆ "ಸ್ಮಾಕಲಿಕ್" ಅನ್ನಿ. ಊಟ ರುಚಿಯಾಗಲಿ ಅಂತ ಅರ್ಥ. ಉಣ್ಣುತ್ತಿರುವವರ ಪಕ್ಕದಲ್ಲಿ ಹಾದು ಹೋಗುವಾಗಲೂ ಅಲ್ಲಿ ಹಾಗೆ ಹೇಳುವುದು ರೂಢಿ. ಹೇಳದಿದ್ದರೆ ಒಡ್ಡೊಡ್ಡಾಗಿ ಕಾಣುತ್ತದೆ. ನಿಮಗೆ ಇದು ಗೊತ್ತಿಲ್ಲ ಅನ್ನುವುದು ಅವರಿಗೆ ಗೊತ್ತಾಗುವುದಿಲ್ಲ, ಅವಳಿಗೆ ಮಾತಾಡಲು ಇಷ್ಟವಿಲ್ಲ ಅಂದುಕೊಳ್ಳುತ್ತಾರೆ.

ಕರೆಯುವಾಗ ದಿನ, ಗಂಟೆ ಹೇಳಿ ಕರೆಯಿರಿ. "ಯಾವಾಗಾದ್ರೂ ಒಟ್ಟಿಗೆ ಊಟ ಮಾಡೋಣ" ಅಂದರೆ ಅಲ್ಲಿ ಅದು ಬರೀ ಸೌಜನ್ಯದ ಮಾತು. "ಮುಂದಿನ ಬುಧವಾರ ಆರೂವರೆಗೆ ನಾನು ಐದು ಜನಕ್ಕೆ ಅಡುಗೆ ಮಾಡುತ್ತೇನೆ" ಅಂದರೆ ನಾಲ್ವರೂ ಡೈರಿ ತೆಗೆದು ಬರೆದುಕೊಳ್ಳುತ್ತಾರೆ. ಬರೆದುಕೊಂಡರೆ ಬರುತ್ತಾರೆ. ಊಟ ಆದ ಮೇಲೆ ಅವರಲ್ಲಿ ಒಬ್ಬರಾದರೂ ಮುಂದಿನ ಬುಧವಾರ ನನ್ನ ಸರದಿ ಅನ್ನುತ್ತಾರೆ. ಅಷ್ಟಾದರೆ ಒಂದು ಜಾಗ ಆಯ್ತು.

ಊಟದ ಮೇಜಿನಲ್ಲಿ ಅವರು ಡಚ್‌ನಲ್ಲಿ ಮಾತಾಡಿಕೊಂಡರೆ ನೊಂದುಕೊಳ್ಳಬೇಡಿ. ಆ ಊರಲ್ಲಿ ಭಾಷೆ ದೊಡ್ಡ ವಿಷಯ. ಈ ವಿಶ್ವವಿದ್ಯಾಲಯ ಶುರುವಾದದ್ದು 1425ರಲ್ಲಿ. ಮೊದಲು ಲ್ಯಾಟಿನ್, ಆಮೇಲೆ ತುಂಬ ಕಾಲ ಫ್ರೆಂಚ್‌ನದೇ ನಡೆಯುತ್ತಿತ್ತು. ಡಚ್ ಮಾತಾಡುವ ಊರಲ್ಲಿ ಡಚ್ ವಿಶ್ವವಿದ್ಯಾಲಯ ಬೇಕು ಅಂತ ವಿದ್ಯಾರ್ಥಿಗಳು ಬೀದಿಗಿಳಿದರು. 1968ರಲ್ಲಿ ಆ ಜಗಳಕ್ಕೆ ಸರ್ಕಾರವೇ ಬಿತ್ತು. ಕೊನೆಗೆ ವಿಶ್ವವಿದ್ಯಾಲಯ ಎರಡಾಗಿ, ಫ್ರೆಂಚ್ ಭಾಗಕ್ಕೆ ಲೂವಾಂ-ಲಾ-ನೆವ್ ಅನ್ನುವ ಹೊಸ ಊರನ್ನೇ ಕಟ್ಟಿದರು. ಗ್ರಂಥಾಲಯದ ಪುಸ್ತಕಗಳನ್ನೂ ಹಂಚಿಕೊಂಡರು, ಸಮಸಂಖ್ಯೆ ಒಬ್ಬರಿಗೆ, ಬೆಸಸಂಖ್ಯೆ ಇನ್ನೊಬ್ಬರಿಗೆ. ಇಷ್ಟು ಪಾಡು ಪಟ್ಟು ಉಳಿಸಿಕೊಂಡ ಭಾಷೆಯನ್ನು ಅಡುಗೆಮನೆಯಲ್ಲಿ ಆಡದೆ ಇನ್ನೆಲ್ಲಿ ಆಡುತ್ತಾರೆ? ನೀವು "ದಾಗ್" ಅಂತ ನಮಸ್ಕಾರ ಹೇಳಿ, "ದಾಂಕ್ ಯು" ಅಂತ ಥ್ಯಾಂಕ್ಸ್ ಹೇಳಿ ನೋಡಿ, ಅವರ ಮುಖ ಅರಳುತ್ತದೆ. ಮರುಕ್ಷಣ ಅವರೇ ಇಂಗ್ಲಿಷಿಗೆ ಬರುತ್ತಾರೆ. ವಿಶ್ವವಿದ್ಯಾಲಯದ ಭಾಷಾ ಸಂಸ್ಥೆಯಲ್ಲಿ ಡಚ್ ಕ್ಲಾಸ್ ಇದೆ. ಬರುವ ಸರದಿಗೆ ಸೇರಲು ಆಗುತ್ತದಾ ವಿಚಾರಿಸಿ. ಅಂಥ ಕ್ಲಾಸಿನಲ್ಲಿ ಹದಿನೈದು ಇಪ್ಪತ್ತು ಜನ ಇರುತ್ತಾರೆ, ಬರದಿದ್ದವರ ಬಗ್ಗೆ ಕೇಳುತ್ತಾರೆ.

ಎರಡನೇ ಜಾಗಕ್ಕೆ ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ನನ್ನ ಸಲಹೆ ಕೇಳಿ ಹೋದವನು. ಅವನು ಕುಡಿಯುತ್ತಿರಲಿಲ್ಲ. ಲ್ಯೂವೆನ್‌ನ ವಿದ್ಯಾರ್ಥಿ ಬದುಕೆಲ್ಲ ಬಿಯರ್ ಸುತ್ತಲೇ, ನನಗಲ್ಲಿ ಕೆಲಸವಿಲ್ಲ ಅಂತ ಮೊದಲ ತಿಂಗಳು ದೂರ ಉಳಿದಿದ್ದ. ಅಲ್ಲಿ ಪ್ರತಿ ವಿಭಾಗಕ್ಕೂ ವಿದ್ಯಾರ್ಥಿಗಳದ್ದೇ ಸಂಘ ಇರುತ್ತದೆ. ಬಹಳಷ್ಟು ಸಂಘಗಳಿಗೆ ಅಗ್ಗದ ಒಂದು ಬಾರ್ ಕೂಡ ಇರುತ್ತದೆ, ಹೆಸರು ಫಾಕ್‌ಬಾರ್. ನಡೆಸುವವರು, ಸುರಿಯುವವರು, ಗ್ಲಾಸ್ ತೊಳೆಯುವವರು ಎಲ್ಲ ವಿದ್ಯಾರ್ಥಿಗಳೇ. ಇವನು ಹೋಗಿ ನಾನು ಕುಡಿಯುವುದಿಲ್ಲ, ಆದರೆ ಕೆಲಸ ಮಾಡ್ತೀನಿ ಅಂದ. ಮಂಗಳವಾರದ ಪಾಳಿ ಸಿಕ್ಕಿತು. ಮೂರನೇ ವಾರ ಜ್ವರ ಬಂದು ಮಲಗಿದ್ದಾಗ ನಾಲ್ಕು ಜನ ಮೆಸೇಜ್ ಮಾಡಿದರಂತೆ. ಒಬ್ಬ ಸೂಪ್ ತಂದುಕೊಟ್ಟು ಹೋದನಂತೆ. ಮೇಜಿನ ಈಚೆ ಗಿರಾಕಿಯಾಗಿ ನಿಂತವರಿಗೆ ಸೂಪ್ ಬರುವುದಿಲ್ಲ. ಆಚೆ ನಿಂತು ಕೆಲಸ ಮಾಡುವವರಿಗೆ ಬರುತ್ತದೆ.

ನಿಮಗೆ ಬಾರ್ ಬೇಡದಿದ್ದರೆ ಬೇರೆ ದಾರಿಗಳಿವೆ. ಸಂಘಗಳು ಪಠ್ಯ, ನೋಟ್ಸ್ ಮಾರುವ ಅಂಗಡಿ ನಡೆಸುತ್ತವೆ, ಅಲ್ಲಿ ಕೈ ಬೇಕಾಗುತ್ತದೆ. ಆರ್ಕೆಸ್ಟ್ರಾ, ಗಾಯನ ತಂಡ, ನಾಟಕ, ಆಟ ಇವೆ. ಪಾಂಗಿಯಾ ಅಂತ ಬೇರೆ ಬೇರೆ ದೇಶದವರು ಸೇರುವ ಜಾಗ ಒಂದಿದೆ. ಕಾಫಿ ಕುಡಿದು ಎದ್ದು ಬಂದರೆ ಅದು ಕಾಫಿ ಅಂಗಡಿ. ಅಲ್ಲಿನ ಕಾರ್ಯಕ್ರಮಕ್ಕೆ ಕುರ್ಚಿ ಜೋಡಿಸಲು ನಿಂತರೆ ಅದು ನಿಮ್ಮ ಜಾಗ.

ಈಗ ಓದು. 14 ಗಂಟೆ ಕ್ಲಾಸ್ ನೋಡಿ ಓದು ಕಡಿಮೆ ಅಂದುಕೊಳ್ಳಬೇಡಿ. ಯೂರೋಪಿನ ಬಹುಪಾಲು ವಿಶ್ವವಿದ್ಯಾಲಯಗಳು ಒಂದೇ ಅಳತೆ ಬಳಸುತ್ತವೆ. ವರ್ಷಕ್ಕೆ 60 ಕ್ರೆಡಿಟ್, ಸೆಮಿಸ್ಟರ್‌ಗೆ 30. ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆಯ ಕೆಲಸ. ಇದು ಮೇಷ್ಟ್ರು ಪಾಠ ಮಾಡುವ ಗಂಟೆಯ ಲೆಕ್ಕ ಅಲ್ಲ, ನೀವು ಕೂತು ಓದುವ ಗಂಟೆಗಳೂ ಇದರಲ್ಲಿ ಸೇರಿವೆ. 30 ಕ್ರೆಡಿಟ್‌ಗೆ 750ರಿಂದ 900 ಗಂಟೆ. ಪರೀಕ್ಷೆ ಮುಗಿಯುವವರೆಗೆ ಸುಮಾರು 20 ವಾರ ಅಂತ ಹಿಡಿದರೆ ವಾರಕ್ಕೆ 40 ಗಂಟೆಯ ಆಸುಪಾಸು ಆಗುತ್ತದೆ. ಅದರಲ್ಲಿ 14 ಗಂಟೆ ಅವರು ಕೊಡುತ್ತಾರೆ. ಉಳಿದ ಸುಮಾರು 25 ಗಂಟೆ ನಿಮ್ಮ ಕೈಯಲ್ಲಿ ಬಿಟ್ಟಿದ್ದಾರೆ. ಆ 25 ಗಂಟೆಯೇ ಈಗ ಕೋಣೆಯಲ್ಲಿ ಸುಮ್ನೆ ಕಳೆದುಹೋಗುತ್ತಿರುವುದು.

ಹಾಜರಿ ಕರೆಯುವ ಕಡೆ ಬೆಳೆದವರಿಗೆ ಈ ಬಿಡುವು ರಜೆಯ ಹಾಗೆ ಕಾಣುತ್ತದೆ, ಡಿಸೆಂಬರ್‌ನಲ್ಲಿ ಒಮ್ಮೆಲೇ ಹೆದರಿಸುತ್ತದೆ. ನೀವು ಆರನೇ ವಾರಕ್ಕೇ ಗಾಬರಿಯಾಗಿ ಬರೆದಿದ್ದೀರಿ, ಒಳ್ಳೆಯದೇ ಆಯ್ತು. ಇನ್ನೂ ಸಮಯ ಇದೆ. ಪ್ರತಿ ಕೋರ್ಸಿಗೂ ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಒಂದು ವಿವರ ಪುಟ ಇರುತ್ತದೆ. ಪರೀಕ್ಷೆ ಬರಹದ್ದೋ ಬಾಯಿಮಾತಿನದ್ದೋ, ಪುಸ್ತಕ ನೋಡಿ ಬರೆಯಬಹುದೋ, ಅಸೈನ್‌ಮೆಂಟಿಗೆ ಎಷ್ಟು ಅಂಕ, ಎಲ್ಲ ಅದರಲ್ಲೇ ಬರೆದಿರುತ್ತಾರೆ. ಎಷ್ಟೋ ಮಕ್ಕಳು ಅದನ್ನು ತೆರೆದು ನೋಡುವುದು ಜನವರಿಯಲ್ಲಿ. ನೀವು ನಾಳೆ ನೋಡಿ.

ಬಾಯಿ ಪರೀಕ್ಷೆ ಇದ್ದರೆ ಸ್ವಲ್ಪ ಬೇರೆ ತಯಾರಿ ಬೇಕು. ಸಾಮಾನ್ಯವಾಗಿ ಪ್ರಶ್ನೆ ಕೊಟ್ಟು, ಬರೆದುಕೊಳ್ಳಲು ಸಮಯ ಬಿಟ್ಟು, ಆಮೇಲೆ ಪ್ರೊಫೆಸರ್ ಎದುರು ಕೂರಿಸುತ್ತಾರೆ. ಬರೆದದ್ದನ್ನು ಒಪ್ಪಿಸಿದರೆ ಮುಗಿಯುವುದಿಲ್ಲ, "ಯಾಕೆ?" ಅಂತ ಕೇಳುತ್ತಾರೆ. ಗಟ್ಟಿ ಮಾಡಿ ಹೋದವರು ಆ ಎರಡನೇ ಪ್ರಶ್ನೆಗೇ ನಿಂತುಬಿಡುತ್ತಾರೆ. ಇದಕ್ಕೆ ಒಬ್ಬರೇ ಓದಿದರೆ ಸಾಲದು, ಇನ್ನೊಬ್ಬರು ಕೇಳಬೇಕು, ನೀವು ಹೇಳಬೇಕು. ನಿಮ್ಮ ಕೋರ್ಸಿನ ಇಬ್ಬರನ್ನು ಹಿಡಿದು ವಾರಕ್ಕೊಮ್ಮೆ ಅಗೋರಾ ಅನ್ನುವ ಓದುಕೇಂದ್ರದಲ್ಲಿ ಗುಂಪು ಕೋಣೆ ಕಾದಿರಿಸಿ. ಗ್ರೂಪ್ ಅಸೈನ್‌ಮೆಂಟ್ ಇದ್ದರೆ ಇನ್ನೂ ಸುಲಭ. ಸಭೆಯ ಟಿಪ್ಪಣಿ ನಾನು ಬರೀತೀನಿ ಅಂತ ಮೊದಲೇ ಹೇಳಿಬಿಡಿ. ಟಿಪ್ಪಣಿ ಬರೆಯುವವರಿಲ್ಲದೆ ಸಭೆ ನಡೆಯುವುದಿಲ್ಲ ಅಲ್ವಾ?

ಅಂಕ 20ಕ್ಕೆ ಕೊಡುತ್ತಾರೆ, 10 ಬಂದರೆ ಪಾಸ್. ಇಡೀ ಪದವಿಗೆ ಶೇ. 68 ಬಂದವರಿಗೇ ಅಲ್ಲಿ ಡಿಸ್ಟಿಂಕ್ಷನ್. ಆದ್ದರಿಂದ 14 ಬಂದರೆ ಅಳಬೇಡಿ, ಅದು ಒಳ್ಳೆಯ ಅಂಕ. 20ಕ್ಕೆ 20 ಬಂದವರನ್ನು ನಾನು ನೋಡಿರುವುದು ಬಹಳ ಅಪರೂಪ. ನಿಮ್ಮ ಕಾಲೇಜು ಈ ಅಂಕಗಳನ್ನು ಹೇಗೆ ಬದಲಿಸಿಕೊಳ್ಳುತ್ತದೆ ಅಂತ ಈಗಲೇ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ.

ಸುತ್ತಾಟದ ಬಗ್ಗೆ ನನಗೆ ಖಚಿತ ಅಭಿಪ್ರಾಯ ಇದೆ, ಕೆಲವರಿಗೆ ಹಿಡಿಸುವುದಿಲ್ಲ. ಒಂದು ಸೆಮಿಸ್ಟರ್‌ನಲ್ಲಿ ಹತ್ತು ದೇಶ ನೋಡುವುದು ದುಡ್ಡು ಮತ್ತು ನಿದ್ದೆ ಎರಡನ್ನೂ ಹಾಳು ಮಾಡುವ ಕೆಲಸ. ರಾತ್ರಿ ಬಸ್, ಹಾಸ್ಟೆಲ್, ಒಂದು ಚೌಕ, ಒಂದು ಗೋಪುರ, ಮತ್ತೆ ರಾತ್ರಿ ಬಸ್. ಸೋಮವಾರ ಕ್ಲಾಸಿನಲ್ಲಿ ತೂಕಡಿಕೆ. ನೀವು ಮೂರು ನೋಡಿದ್ದೀರಿ. ಇನ್ನೊಂದು ದೂರದ ಊರು ಸಾಕು, ಅದೂ ಮೂರು ರಾತ್ರಿ ಉಳಿಯುವಂತೆ, ಪರೀಕ್ಷೆ ಮುಗಿದ ಮೇಲೆ. ಅಲ್ಲಿವರೆಗೆ ರೈಲಿನಲ್ಲಿ ಎರಡು ಎರಡೂವರೆ ಗಂಟೆಯೊಳಗೆ ಇರುವುದನ್ನು ನೋಡಿ. ಅರ್ಧ ಗಂಟೆಗೆ ಬ್ರಸೆಲ್ಸ್. ಘೆಂಟ್‌ನ ದೊಡ್ಡ ಚರ್ಚಿನಲ್ಲಿ ವಾನ್ ಐಕ್ ಸೋದರರು 1432ರಲ್ಲಿ ಮುಗಿಸಿದ ಚಿತ್ರಫಲಕಗಳಿವೆ. ಈಪರ್‌ನಲ್ಲಿ ಮೊದಲ ಮಹಾಯುದ್ಧದಲ್ಲಿ ಸತ್ತವರಿಗಾಗಿ ಪ್ರತಿ ಸಂಜೆ 8 ಗಂಟೆಗೆ ತುತ್ತೂರಿ ಊದುತ್ತಾರೆ. 1928ರಲ್ಲಿ ಶುರುವಾದದ್ದು, ಎರಡನೇ ಮಹಾಯುದ್ಧದ ಕಾಲದಲ್ಲಿ ನಿಂತಿತ್ತು, ಇವತ್ತೂ ನಡೆಯುತ್ತಿದೆ. ಅಲ್ಲಿ ಗೋಡೆಯಲ್ಲಿ ಕೆತ್ತಿರುವ ಹೆಸರುಗಳನ್ನು ನಿಧಾನವಾಗಿ ಓದಿ.

ಅದಕ್ಕಿಂತ ಮೊದಲು ನೀವಿರುವ ಊರನ್ನೇ ನೋಡಿ. ನೀವು ದಿನಾ ಸೈಕಲ್ ತುಳಿಯುವ ದಾರಿಯಲ್ಲಿರುವ ದೊಡ್ಡ ಗ್ರಂಥಾಲಯದ ಕಲ್ಲುಗಳನ್ನು ಹತ್ತಿರ ಹೋಗಿ ನೋಡಿದ್ದೀರಾ? 1914ರ ಆಗಸ್ಟ್‌ನಲ್ಲಿ ಜರ್ಮನ್ ಸೈನ್ಯ ಊರಿಗೆ ಬೆಂಕಿ ಇಟ್ಟಾಗ ಹಳೆಯ ಗ್ರಂಥಾಲಯ ಪುಸ್ತಕಗಳ ಸಮೇತ ಸುಟ್ಟುಹೋಯಿತು. ಯುದ್ಧ ಮುಗಿದ ಮೇಲೆ ಅಮೆರಿಕದ ಶಾಲೆ ಕಾಲೇಜುಗಳ ಮಕ್ಕಳೂ ಸೇರಿ ಹಣ ಕೂಡಿಸಿ ಈ ಕಟ್ಟಡ ಕಟ್ಟಿಸಿಕೊಟ್ಟರು. ಆ ಶಾಲೆಗಳ ಹೆಸರುಗಳೇ ಕಲ್ಲುಗಳ ಮೇಲಿರುವುದು. 1940ರಲ್ಲಿ ಮತ್ತೆ ಸುಟ್ಟಿತು, ಮತ್ತೆ ಕಟ್ಟಿದರು. ಸಿಂಟ್ ಪೀಟರ್ ಚರ್ಚಿನಲ್ಲಿ ಡಿರಿಕ್ ಬೌಟ್ಸ್ ಬರೆದ ಯೇಸುವಿನ ಕೊನೆಯ ಭೋಜನದ ಚಿತ್ರ ಇದೆ. 1460ರ ದಶಕದಲ್ಲಿ ಯಾವ ಚರ್ಚಿಗಾಗಿ ಬರೆದರೋ ಇವತ್ತೂ ಅಲ್ಲೇ ಇದೆ. ಶನಿವಾರ ಬೆಳಗ್ಗೆ ಸೈಕಲ್ ತೆಗೆದುಕೊಂಡು ಹೆವರ್ಲೆ ಕಾಡಿಗೆ ಹೋಗಿ. ದಕ್ಷಿಣಕ್ಕೆ ಸ್ವಲ್ಪ ದೂರ, ಖರ್ಚು ಏನೂ ಇಲ್ಲ. ನವೆಂಬರ್‌ನಲ್ಲಿ ಅಲ್ಲಿನ ಬೀಚ್ ಅನ್ನುವ ಜಾತಿಯ ಮರಗಳ ಎಲೆ ತಾಮ್ರದ ಬಣ್ಣಕ್ಕೆ ತಿರುಗಿರುತ್ತದೆ.

ಯೂರೋಪಿನ ವಿದ್ಯಾರ್ಥಿ ವಿನಿಮಯ ಯೋಜನೆಗೆ ಹೆಸರು ಕೊಟ್ಟ ಪಂಡಿತ ಎರಾಸ್ಮಸ್ ಕೂಡ ನಿಮ್ಮ ಬೀದಿಗಳಲ್ಲೇ ಓಡಾಡಿದವನು. 1517ರಿಂದ 1521ರವರೆಗೆ ಲ್ಯೂವೆನ್‌ನಲ್ಲಿದ್ದು, ಲ್ಯಾಟಿನ್, ಗ್ರೀಕ್, ಹೀಬ್ರೂ ಮೂರೂ ಕಲಿಸುವ ಕಾಲೇಜು ಶುರು ಮಾಡಲು ನೆರವಾದ. ಅವನ ಹೆಸರಿನ ಯೋಜನೆ 1987ರಲ್ಲಿ ಆರಂಭವಾದಾಗ ಮೊದಲ ವರ್ಷ ಹೋದವರು 11 ದೇಶಗಳ 3,244 ವಿದ್ಯಾರ್ಥಿಗಳು. ಆಗ ಈಗಿನಷ್ಟು ಅಗ್ಗದ ವಿಮಾನಗಳು ಇರಲಿಲ್ಲ. ಹೆಚ್ಚಾಗಿ ಹೋದ ಊರಲ್ಲೇ ಉಳಿಯುತ್ತಿದ್ದಿರಬೇಕು.

ಕಾಗದಪತ್ರದ ವಿಷಯ ಚಿಕ್ಕದಾಗಿ. ಪುರಸಭೆಯಲ್ಲಿ ನೋಂದಣಿಗೆ ಅರ್ಜಿ ಕೊಟ್ಟ ಮೇಲೆ ನಿಮ್ಮ ಬಡಾವಣೆಯ ಪೊಲೀಸರು ಮನೆಗೆ ಬಂದು ನೀವು ನಿಜವಾಗಿ ಅಲ್ಲಿದ್ದೀರಾ ಅಂತ ನೋಡುತ್ತಾರೆ. ಕರೆಗಂಟೆಯ ಪಕ್ಕ ನಿಮ್ಮ ಹೆಸರು ಇದೆಯಾ? ಇಲ್ಲದಿದ್ದರೆ ಇವತ್ತೇ ಅಂಟಿಸಿ. ಹೆಸರಿಲ್ಲದೆ ಅವರು ವಾಪಸ್ ಹೋದರೆ ನಿಮ್ಮ ರೆಸಿಡೆನ್ಸ್ ಕಾರ್ಡ್ ತಡವಾಗುತ್ತದೆ. ವೀಸಾ ಅವಧಿ ಮುಗಿದು ಕಾರ್ಡ್ ಇನ್ನೂ ಕೈಗೆ ಬಾರದ ದಿನಗಳಲ್ಲಿ ದೇಶದ ಗಡಿ ದಾಟಬೇಡಿ. ಕಾರ್ಡ್ ಇದ್ದರೂ ಉಳಿದ ಶೆಂಗನ್ ದೇಶಗಳಲ್ಲಿ (ಒಂದೇ ವೀಸಾ ವ್ಯವಸ್ಥೆಗೆ ಸೇರಿದ ಯೂರೋಪಿನ ದೇಶಗಳು) 180 ದಿನಗಳಲ್ಲಿ 90 ದಿನ ಮಾತ್ರ. ಲಂಡನ್, ಡಬ್ಲಿನ್ ಇದರಲ್ಲಿ ಸೇರಿಲ್ಲ.

ಇನ್ನು ಬೆಳಕು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ನನಗೆ ಬೇಸರ ಅದೇ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತು, ಅಲ್ಲಿಂದ ಸಂಜೆಯೇ ಇಲ್ಲವಾಯಿತು. ಡಿಸೆಂಬರ್ ಮಧ್ಯದ ಹೊತ್ತಿಗೆ ಸೂರ್ಯ ಹುಟ್ಟುವುದು ಬೆಳಗ್ಗೆ 8.40ರ ಸುಮಾರಿಗೆ, ಮುಳುಗುವುದು ಸಂಜೆ 4.40ರ ಒಳಗೆ. ಬಹಳ ದಿನ ಮೋಡ. ಬಿಸಿಲಿನಲ್ಲಿ ಬೆಳೆದ ಮೈಗೆ ಇದು ದೊಡ್ಡ ಪೆಟ್ಟು. ಎದ್ದೇಳಲು ಮನಸ್ಸಾಗದಿದ್ದರೆ ಅದರಲ್ಲಿ ಸ್ವಲ್ಪ ಪಾಲು ಕತ್ತಲೆಯದ್ದೂ ಇದೆ. ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಅರ್ಧ ಗಂಟೆ ಹೊರಗೆ ನಡೆಯಿರಿ, ಮಳೆ ಇದ್ದರೂ ಜಾಕೆಟ್ ಹಾಕಿಕೊಂಡು. ಸೈಕಲ್ಲಿಗೆ ಹಿಂದೆ ಮುಂದೆ ದೀಪ ಹಾಕಿಸಿ, ಇಲ್ಲದಿದ್ದರೆ ಪೊಲೀಸರು ದಂಡ ಹಾಕುತ್ತಾರೆ.

ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ನಾನು ಮೇಲೆ ಹೇಳಿದ ಯಾವುದಕ್ಕೂ ಕಾಯಬೇಡಿ. ವಿಶ್ವವಿದ್ಯಾಲಯದ ವಿದ್ಯಾರ್ಥಿ ಆರೋಗ್ಯ ಕೇಂದ್ರದಲ್ಲಿ ಡಾಕ್ಟರೂ ಇದ್ದಾರೆ, ಮನಶ್ಶಾಸ್ತ್ರಜ್ಞರೂ ಇದ್ದಾರೆ. ನಾಳೆ ಬೆಳಗ್ಗೆಯೇ ಫೋನ್ ಮಾಡಿ. ಹಾಗೆ ಹೋಗುವುದು ಅಲ್ಲಿ ತೀರ ಸಾಮಾನ್ಯ.

ಮನೆಯವರಿಗೆ ನಿಜ ಹೇಳಿ. ಫೋಟೊ ಕಳಿಸುವುದನ್ನು ಒಂದು ವಾರ ನಿಲ್ಲಿಸಿ, ಶನಿವಾರ ಸಂಜೆ ಆ ಖಾಲಿ ಅಡುಗೆಮನೆಯಿಂದಲೇ ಫೋನ್ ಮಾಡಿ. "ಇಲ್ಲಿ ಯಾರೂ ಇಲ್ಲಮ್ಮ, ಬೇಜಾರಾಗ್ತಿದೆ" ಅನ್ನಿ. ಅವರು ಗಾಬರಿಯಾಗುತ್ತಾರೆ ಅನ್ನುವ ಭಯ ನಿಮ್ಮದು. ನಿಮ್ಮ ದನಿಯಲ್ಲಿ ಅವರಿಗೆ ಆಗಲೇ ಗೊತ್ತಾಗಿರುತ್ತದೆ. ಹೇಳಿದ ಮೇಲೆ ಅವರು ಏನು ತಿಂದೆ ಅಂತ ಕೇಳುತ್ತಾರೆ, ನೀವು ಅಡುಗೆ ಮಾಡುತ್ತಾ ಮಾತಾಡುತ್ತೀರಿ, ಒಂದು ಸಂಜೆ ಕಳೆಯುತ್ತದೆ.

ಈಗ ಟಿಕೆಟ್. ಕ್ರಿಸ್‌ಮಸ್‌ಗೆ ಹೋಗಿ ಹಿಂತಿರುಗದಿದ್ದರೆ ಈ ಸೆಮಿಸ್ಟರ್‌ನ ಕ್ರೆಡಿಟ್‌ಗಳು ಹೋಗುತ್ತವೆ. ಪರೀಕ್ಷೆ ಇರುವುದು ಜನವರಿಯಲ್ಲಿ. ಅದಕ್ಕೆ ಮೊದಲಿನ ದಿನಗಳನ್ನು ಅಲ್ಲಿ 'ಬ್ಲಾಕ್' ಅನ್ನುತ್ತಾರೆ. ಊರಿಗೆ ಊರೇ ಪುಸ್ತಕ ಹಿಡಿದು ಕೂರುತ್ತದೆ, ಓದುಕೇಂದ್ರಗಳಲ್ಲಿ ಸೀಟು ಸಿಗುವುದಿಲ್ಲ. ವಿಚಿತ್ರ ಅಂದರೆ, ಎಷ್ಟೋ ಮಕ್ಕಳು ಈ ಬ್ಲಾಕ್ ದಿನಗಳಲ್ಲೇ ಕಾಟ್‌ನ ಗೆಳೆಯರಿಗೆ ಹತ್ತಿರವಾಗುತ್ತಾರೆ. ಎಲ್ಲರಿಗೂ ಒಂದೇ ಕಷ್ಟ, ಎಲ್ಲರೂ ಆರು ಗಂಟೆಗೆ ಅಡುಗೆಮನೆಗೆ ಇಳಿಯುತ್ತಾರೆ. ಹಬ್ಬಕ್ಕೆ ಮನೆ ನೆನಪಾಗಿ ಹೋಗಿ ಬರಲೇಬೇಕು ಅನ್ನಿಸಿದರೆ ಹೋಗಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಎರಡೂ ಕಡೆಯ ಟಿಕೆಟ್ ತೆಗೆಯಿರಿ. ವಾಪಸ್ ಬರುವುದು ಹೊಸ ವರ್ಷ ಆದ ಕೂಡಲೇ ಇರಲಿ, ರೆಸಿಡೆನ್ಸ್ ಕಾರ್ಡ್ ಮೊದಲೇ ಕೈಯಲ್ಲಿರಲಿ.

ಉಳಿಯುವುದಾದರೆ, ಸೆಮಿಸ್ಟರ್ ಮುಗಿಸಿ ಮನೆಗೆ ಮರಳುವ ಟಿಕೆಟ್ ತೆಗೆಯುವ ಮೊದಲು ನಿಮ್ಮ ಬಾಯಿ ಪರೀಕ್ಷೆಯ ದಿನಾಂಕ ಖಚಿತ ಮಾಡಿಕೊಳ್ಳಿ. ಪರೀಕ್ಷೆ ಮುಗಿದ ಮೇಲೆ ಒಂದು ವಾರ ಇಟ್ಟುಕೊಳ್ಳಿ. ಪುರಸಭೆಗೆ ಹೋಗಿ ಊರು ಬಿಡುತ್ತಿದ್ದೇನೆ ಅಂತ ಬರೆಸಬೇಕು, ಸೈಕಲ್ ಮರಳಿಸಿ ಠೇವಣಿ ತೆಗೆದುಕೊಳ್ಳಬೇಕು, ಕೋಣೆಯ ಮುಂಗಡದ ಲೆಕ್ಕ ಮುಗಿಸಬೇಕು. ಆ ವಾರದಲ್ಲೂ ಒಂದು ಬುಧವಾರ ಬರುತ್ತದೆ. ಅವತ್ತು ಆರೂವರೆಗೆ ಬೇರೆ ಏನನ್ನೂ ಇಟ್ಟುಕೊಳ್ಳಬೇಡಿ.